ಮೊಬೈಲು ಕ್ಲಾಸಿಗೆ ಬರಲಿ, ಸರಿ, ಯಾರಪ್ಪನ ಜೇಬಿಂದ?

ಮಕ್ಕಳು ಅವರವರ ಮೊಬೈಲು, ಟ್ಯಾಬು ಕ್ಲಾಸಿಗೇ ತರಲಿ, ಪಾಠ ಅದರಲ್ಲೇ ನಡೀಲಿ ಅನ್ನೋ ಮಾತು ಕಿವಿಗೆ ಸಕ್ಕರೆ. ಶಾಲೆಗೆ ಖರ್ಚಿಲ್ಲ, ಸರ್ಕಾರಕ್ಕೆ ತಲೆನೋವಿಲ್ಲ, ಹುಡುಗರಿಗಂತೂ ಹಬ್ಬ. ಹಾಗಾದರೆ ಬಿಲ್ಲು ಯಾರ ಹೆಸರಿಗೆ ಸ್ವಾಮಿ? ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಬೋಣಿಗೆ ಕಾಯುವ ಅಪ್ಪನ ಹೆಸರಿಗೆ. ಡಬ್ಬಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಬಸ್ಸು ಹಿಡಿಯುವ ಅಮ್ಮನ ಹೆಸರಿಗೆ!

ಮೊಬೈಲು ಒಳ್ಳೇದೋ ಕೆಟ್ಟದ್ದೋ ಅಂತ ಬಸ್ಸಿನಲ್ಲಿ ದಿನಾ ವಾದ ನಡೆಯುತ್ತೆ. ಅದು ಮುಗಿಯುವ ವಾದವಲ್ಲ, ಬಿಡಿ. ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಪಾಠಕ್ಕೆ ಬಳಸುವ ಆ ಮೊಬೈಲು ಯಾರದ್ದು?

'ತರಬಹುದು' ಹೋಗಿ 'ತರಬೇಕು'

ಇದು ಹೇಗೆ ನಡೆಯುತ್ತೆ ಅಂತ ಊಹಿಸೋದು ಕಷ್ಟವಲ್ಲ. ಮೊದಲ ವಾರ 'ಇದ್ದವರು ತನ್ನಿ'. ಎರಡನೇ ವಾರ 'ಇಲ್ಲದವರು ಪಕ್ಕದವರದ್ದು ನೋಡ್ಕೊಳ್ಳಿ'. ಮೂರನೇ ವಾರ ಹೋಂವರ್ಕು ಮೊಬೈಲಿಗೇ ಬರುತ್ತೆ. ತಿಂಗಳು ತುಂಬುವುದರೊಳಗೆ ಹುಡುಗ ಊಟ ಬಿಟ್ಟು ಮೂಲೆಯಲ್ಲಿ ಕೂತ, ಅಪ್ಪ ಕಂತಿನ ಕಾಗದಕ್ಕೆ ಸಹಿ ಹಾಕಿದ! ಅಲ್ಲಿಗೇ ಮುಗಿಯಿತೇ? ತಿಂಗಳು ತಿಂಗಳು ರೀಚಾರ್ಜು, ಬಿದ್ದರೆ ಗಾಜು, ಕಳೆದರೆ ಇನ್ನೊಂದು. ಅಪ್ಪಣೆ ಕೊಟ್ಟವರು ಶಾಲೆಯವರು, ದಂಡ ಕಟ್ಟುವವರು ನಾವು.

ಇದು ಬರೀ ಹೆದರಿಕೆಯ ಮಾತಲ್ಲ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳ ಬಾಗಿಲು ಮುಚ್ಚಿದವು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ 'ವಿದ್ಯಾಗಮ' ಶುರುವಾಯಿತು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಜಗುಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಅದಕ್ಕೂ ಮೊದಲು ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಮನೆಯವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ಒಂದೇ ಶಾಲೆ, ಒಂದೇ ಪುಸ್ತಕ, ಮೂರು ಪಂಕ್ತಿ! ಅವತ್ತು ಅದು ಅನಿವಾರ್ಯವಾಗಿತ್ತು. ಬಾಗಿಲು ತೆರೆದ ಶಾಲೆಯ ಒಳಗೆ ಅದೇ ಪಂಕ್ತಿಭೇದ ಯಾಕೆ?

ಅಣ್ಣನಿಗುಂಟು, ತಂಗಿಗಿಲ್ಲ

ಇನ್ನು ಲೆಕ್ಕ ನೋಡೋಣ. 'ಪ್ರಥಮ್' ಸಂಸ್ಥೆಯವರು ಹಳ್ಳಿ ಮನೆಗಳಿಗೆ ಹೋಗಿ ಮಾಡುವ 'ಅಸರ್' ಸಮೀಕ್ಷೆ ಇದೆ. 2024ರ ವರದಿ ಪ್ರಕಾರ, ಗ್ರಾಮೀಣ ಭಾರತದಲ್ಲಿ 14ರಿಂದ 16 ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸೋದು ಗೊತ್ತು. ಆದರೆ ಹಾಗೆ ಗೊತ್ತಿರುವವರಲ್ಲೂ ಸ್ವಂತದ್ದು ಇರೋದು ನೂರಕ್ಕೆ 36 ಹುಡುಗರಿಗೆ, 27 ಹುಡುಗಿಯರಿಗೆ ಮಾತ್ರ. ಮನೆಗೊಂದೇ ಫೋನು ಇದ್ದರೆ ಅದು ಮೊದಲು ಅಣ್ಣನ ಕೈಗೆ. ಅಂದಮೇಲೆ 'ನಿಮ್ಮದೇ ತನ್ನಿ' ಅನ್ನುವ ಕ್ಲಾಸಿನಲ್ಲಿ ಪಕ್ಕದವಳ ಭುಜದ ಮೇಲಿಂದ ಇಣುಕಿ ಪಾಠ ಕಲಿಯುವವಳು ಯಾರು ಅಂತ ಬಿಡಿಸಿ ಹೇಳಬೇಕೇ?

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಪಟ್ಟಂತೆ ಫೋನು ಬಳಸಿದವರು ನೂರಕ್ಕೆ 57; ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76. ಮಕ್ಕಳನ್ನು ಬೈಯಬೇಡಿ, ನಮ್ಮ ಗಲ್ಲಾಪೆಟ್ಟಿಗೆ ಹಿಂದೆಯೂ ನಡೆಯೋದು ಅದೇ ತಾನೇ!

ಫೋನು ಪಕ್ಕದವನದ್ದಾದರೂ ತೊಂದರೆ ತಪ್ಪಿದ್ದಲ್ಲ. 2022ರಲ್ಲಿ 'ಪಿಸಾ' ಎಂಬ ಅಂತರರಾಷ್ಟ್ರೀಯ ಪರೀಕ್ಷೆ ನಡೆಯಿತು. ಭಾರತ ಅದರಲ್ಲಿ ಇರಲಿಲ್ಲ. ಒಇಸಿಡಿ ಕೂಟದ ದೇಶಗಳಲ್ಲಿ ಸರಾಸರಿ ನೂರಕ್ಕೆ 65 ಮಕ್ಕಳು ಗಣಿತದ ಕೆಲವು ಕ್ಲಾಸುಗಳಲ್ಲಾದರೂ ತಮ್ಮ ಕೈಯ ಸಾಧನದಿಂದಲೇ ಗಮನ ತಪ್ಪುತ್ತೆ ಅಂದರು. ಬೇರೆಯವರು ಬಳಸುವುದರಿಂದ ನಮ್ಮ ಗಮನ ಹೋಗುತ್ತೆ ಅಂದವರು 59. ಸಿಗರೇಟಿನ ಹೊಗೆ ಇದ್ದ ಹಾಗೆ. ಸೇದುವವನು ಒಬ್ಬ, ಕೆಮ್ಮುವವರು ಇಡೀ ಬೆಂಚು!

ದಿನಕ್ಕೊಂದು ಡಾಲರ್ ಬಾಡಿಗೆ

ಹಾಗಾದರೆ ಪೂರ್ತಿ ನಿಷೇಧ ಮಾಡಿಬಿಟ್ಟರೆ? ಅದರ ಕಥೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಆಗಿಹೋಗಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2006ರಿಂದ ಬಿಗಿ ಮಾಡಿದರು. ಲೋಹಶೋಧಕ ಯಂತ್ರ ಇರುವ ಶಾಲೆಗಳ ಮಕ್ಕಳು ಫೋನನ್ನು ಹೊರಗಿನ ಅಂಗಡಿಯಲ್ಲೋ ವ್ಯಾನಿನಲ್ಲೋ ಇಟ್ಟು, ದಿನಕ್ಕೊಂದು ಡಾಲರ್ ಬಾಡಿಗೆ ಕಟ್ಟಿ ಒಳಗೆ ಹೋಗಬೇಕಾಯಿತು. ಯಂತ್ರ ಇದ್ದದ್ದು ಹೆಚ್ಚಾಗಿ ಬಡವರ ಬಡಾವಣೆಯ ಶಾಲೆಗಳಲ್ಲಿ. ಅಂಗಡಿಯವರಿಗೆ ವ್ಯಾಪಾರ, ಬಡ ಹುಡುಗರಿಗೆ ಖರ್ಚು! 2015ರ ಮಾರ್ಚಿನಲ್ಲಿ ನಿಷೇಧ ತೆಗೆದರು. ಹತ್ತು ವರ್ಷ ಕಳೆದು, 2025ರ ಸೆಪ್ಟೆಂಬರಿನಿಂದ ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಶಾಲೆಯ ಮೊದಲ ಗಂಟೆಯಿಂದ ಕೊನೆಯ ಗಂಟೆವರೆಗೆ ಮತ್ತೆ ನಿಷೇಧ. ಈ ಸಲ ಫೋನು ಇಡಲು ಜಾಗ ಕೊಡುವ ಹೊಣೆ ಶಾಲೆಯ ಮೇಲೆ. ಹತ್ತೊಂಬತ್ತು ವರ್ಷಕ್ಕೆ ಬಂದ ಬುದ್ಧಿ.

ನಮ್ಮಲ್ಲಿ ದೆಹಲಿ ಹೈಕೋರ್ಟು 2025ರ ಫೆಬ್ರವರಿ ಕೊನೆಯಲ್ಲಿ ನಡುದಾರಿ ತೋರಿಸಿದೆ. ಶಾಲೆಗೆ ಫೋನು ತರುವುದನ್ನೇ ಪೂರ್ತಿ ನಿಷೇಧಿಸೋದು ಬೇಡ, ಸಾಧ್ಯವಿದ್ದಲ್ಲಿ ಬೆಳಗ್ಗೆ ಶಾಲೆಯವರ ಹತ್ತಿರ ಒಪ್ಪಿಸಿ ಸಂಜೆ ವಾಪಸು ಪಡೆಯಲಿ, ಕ್ಲಾಸಿನಲ್ಲಿ ಬಳಸಕೂಡದು. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಹುಡುಗಿಗೆ ಈ ಮಾತು ಮುಖ್ಯ. ಸಂಜೆ ಬಸ್ಸು ತಪ್ಪಿದರೆ ಅವಳು ಮನೆಗೆ ಹೇಳಲೇಬೇಕು. ಚೀಲದಲ್ಲಿ ಫೋನು ಇರೋದು ಬೇರೆ, ಬೆಂಚಿನ ಮೇಲೆ ಇರೋದು ಬೇರೆ.

ಬೀರು ಶಾಲೆಯದ್ದಾಗಲಿ

ಪಾಠಕ್ಕೆ ಯಂತ್ರವೇ ಬೇಡ ಅಂತ ನಾವು ಹೇಳುತ್ತಿಲ್ಲ. ಹೃದಯ ಬಡಿಯೋದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕಿಂತ ವಿಡಿಯೋದಲ್ಲಿ ತೋರಿಸಿದರೆ ಬೇಗ ತಲೆಗೆ ಹತ್ತುತ್ತೆ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡಿನ ಚೌಕ ಇದೆ. ಅದನ್ನು ಓದಿಸುವ 'ದೀಕ್ಷಾ' 2017ರಿಂದಲೂ ಇದೆ. ಆದರೆ ಪ್ರಯೋಗಾಲಯದ ತಕ್ಕಡಿಯನ್ನು ಮಗು ಮನೆಯಿಂದ ತರುತ್ತದೆಯೇ? ಭೂಪಟ ತರುತ್ತದೆಯೇ? ಪಾಠಕ್ಕೆ ಬೇಕಾದ ಸಾಮಾನು ಶಾಲೆಯ ಬೀರುವಿನಲ್ಲಿರಬೇಕು. ಗಂಟೆ ಹೊಡೆದಾಗ ತೆಗೆದು ಕೊಡಬೇಕು, ಮುಗಿದ ಮೇಲೆ ಎಣಿಸಿ ಒಳಗಿಡಬೇಕು. ಆಗ ಎಲ್ಲರ ಕೈಯಲ್ಲೂ ಒಂದೇ ಮಾದರಿ, ಅದರೊಳಗೆ ರೀಲ್ಸೂ ಇಲ್ಲ, ಆಟವೂ ಇಲ್ಲ. ದುಡ್ಡಿಲ್ಲ ಅನ್ನುವ ನೆಪ ಬೇಡ. 2021ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರವೇ ಟ್ಯಾಬು ಹಂಚಿದ್ದು ಜನ ಮರೆತಿಲ್ಲ.

ಆದ್ದರಿಂದ ಪೋಷಕರೇ, ಮುಂದಿನ ಸಭೆಗೆ ಅಂಗಡಿಯನ್ನು ಒಂದು ಗಂಟೆ ಹುಡುಗನ ಕೈಗೆ ಬಿಟ್ಟಾದರೂ ಹೋಗಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ ನೀವೂ ಇದ್ದೀರಿ. ಮೂರೇ ಪ್ರಶ್ನೆ ಕೇಳಿ. ಇಲ್ಲದ ಮಗುವಿಗೆ ಏನು ಕೊಡುತ್ತೀರಿ? ಕಳೆದರೆ, ಒಡೆದರೆ ಹೊಣೆ ಯಾರು? ಹೋಂವರ್ಕನ್ನು ಫೋನಿಲ್ಲದೆಯೂ ಮಾಡಬಹುದೇ? ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಹೂಂ ಅನ್ನಬೇಡಿ. ಈಗ ಬಾಯಿ ಬಿಡದಿದ್ದರೆ, ಉತ್ತರ ತಿಂಗಳ ಕಂತಿನ ರೂಪದಲ್ಲಿ ನಿಮ್ಮ ಮನೆಗೇ ಬರುತ್ತದೆ!