ಸೈಲೆನ್ಸರ್‌ಗೆ ಬೆಳ್ಳಿ ಬಣ್ಣ ಬಳಿಯುವ ಮುನ್ನ

ಮೇ ರಜೆಗೆ ಕಾರಿನಲ್ಲೇ ಊರಿಗೆ ಹೊರಡುವ ಮುಂಬೈ ಕನ್ನಡಿಗರು ಗಾಡಿಯನ್ನು ಒಮ್ಮೆ ಗ್ಯಾರೇಜಿಗೆ ಒಯ್ಯುವುದು ವಾಡಿಕೆ. ಲಿಫ್ಟ್ ಮೇಲೇರಿದ ಗಾಡಿಯ ಅಡಿಯಿಂದ ಆಗಾಗ ಕೇಳಿಬರುವ ಮಾತು, ‘ಸೈಲೆನ್ಸರ್ ಗಂಜಲಾಯ್, ಸಾಹೇಬ್’. ಅಂದರೆ ತುಕ್ಕು ಹಿಡಿದಿದೆ. ಬೆನ್ನಿಗೇ ಸಲಹೆಯೂ ಬರುತ್ತದೆ: ಶಾಖ ತಾಳುವ ಬೆಳ್ಳಿ ಬಣ್ಣ ಹೊಡೆದುಬಿಡೋಣ. ಒಪ್ಪುವ ಮೊದಲು ಆ ಬಣ್ಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದಿರುವುದು ಒಳ್ಳೆಯದು.

ಮುಂಬೈ ಕಬ್ಬಿಣಕ್ಕೆ ಆಗಿಬರುವ ಊರಲ್ಲ. ವರ್ಲಿ, ಬಾಂದ್ರಾ, ವರ್ಸೋವಾ ಕಡೆ ಗಾಳಿಯಲ್ಲೇ ಉಪ್ಪು. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲಿ, ಅಂಧೇರಿ ಸಬ್‌ವೇಯಲ್ಲಿ ನಿಂತ ನೀರು ಗಾಡಿಯ ಅಡಿಭಾಗವನ್ನೆಲ್ಲ ತೋಯಿಸುತ್ತದೆ. ಇದು ಹೊರಗಿನಿಂದ ಬರುವ ತುಕ್ಕು. ಇದನ್ನು ಬಣ್ಣ ತಡೆಯಬಲ್ಲದು.

ಒಳಗಿನಿಂದ ಬರುವ ತುಕ್ಕಿನ ಕಥೆ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಸಿಎನ್‌ಜಿಯಲ್ಲಿ ಇದು ಇನ್ನೂ ಹೆಚ್ಚು: ಅದರ ಮುಖ್ಯ ಅಂಶವಾದ ಮೀಥೇನ್ ಒಂದು ಕಿಲೋ ಉರಿದರೆ 2.25 ಕಿಲೋ ನೀರು. ಗಾಡಿ ದೂರ ಓಡಿದರೆ ಸೈಲೆನ್ಸರ್ ಕಾದು ಈ ಆವಿ ಹೊರಟುಹೋಗುತ್ತದೆ. ಆದರೆ ನಮ್ಮಲ್ಲಿ ಅನೇಕರ ಕಾರು ಮನೆಯಿಂದ ರೈಲ್ವೆ ಸ್ಟೇಷನ್‌ಗೆ, ಸ್ಟೇಷನ್‌ನಿಂದ ಮನೆಗೆ ಅಷ್ಟೇ ಓಡುತ್ತದೆ. ತಣ್ಣಗಿರುವ ಸೈಲೆನ್ಸರ್‌ನಲ್ಲಿ ಆವಿ ನೀರಾಗಿ ನಿಂತು, ಹೊಗೆಯ ಆಮ್ಲದ ಅಂಶ ಸೇರಿ, ತಗಡನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಹೊಡೆದ ಬಣ್ಣ ಇದನ್ನು ಮುಟ್ಟುವುದೇ ಇಲ್ಲ.

ಆದ್ದರಿಂದ ಬಣ್ಣಕ್ಕೆ ಮೊದಲು ಪರೀಕ್ಷೆ. ತಣ್ಣಗಿರುವ ಸೈಲೆನ್ಸರ್ ಅನ್ನು ಸ್ಕ್ರೂ ಡ್ರೈವರ್‌ನ ಹಿಡಿಯಿಂದ, ಮುಖ್ಯವಾಗಿ ಬೆಸುಗೆಯ ಅಂಚಿನಲ್ಲಿ, ಮೆಲ್ಲಗೆ ತಟ್ಟಿ ನೋಡಿ. ಟಣ್ ಎಂದರೆ ತಗಡು ಗಟ್ಟಿ. ಮಂದ ಸದ್ದು ಬಂದು ಪದರ ಉದುರಿದರೆ ಬಣ್ಣದ ಮಾತು ಬಿಡಿ. ವೆಲ್ಡಿಂಗ್ ಆಗಬೇಕು, ಇಲ್ಲವೇ ಬದಲಿಸಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಸ್ಟೇನ್‌ಲೆಸ್ ಸ್ಟೀಲ್ ಸೈಲೆನ್ಸರ್ ಮೇಲೆ ಬರೀ ಕಂದು ಛಾಯೆ ಮೂಡಿದ್ದರೆ ಗಾಬರಿ ಬೇಡ, ಬಣ್ಣವೂ ಬೇಕಿಲ್ಲ.

ತಗಡು ಗಟ್ಟಿಯಿದ್ದು ಮೇಲೆ ಮಾತ್ರ ತುಕ್ಕಿದ್ದರೆ ಬಣ್ಣ ಸಾರ್ಥಕ. ಮಾಮೂಲಿ ಎನಾಮೆಲ್ ಆ ಬಿಸಿಗೆ ಸುಟ್ಟು ಸಿಪ್ಪೆ ಏಳುತ್ತದೆ. ಶಾಖ ತಾಳುವ ಬಣ್ಣದಲ್ಲಿರುವುದು ಸಿಲಿಕೋನ್ ರಾಳ. ಅದರ ಬೆನ್ನೆಲುಬು ಮರಳಿನಲ್ಲಿರುವಂಥದ್ದೇ ಸಿಲಿಕಾನ್–ಆಮ್ಲಜನಕದ ಬಂಧ. ಬೆಳ್ಳಿ ಹೊಳಪು ಅಲ್ಯೂಮಿನಿಯಂ ಪುಡಿಯದು. ಡಬ್ಬಿಯ ಮೇಲೆ ಎಷ್ಟು ಡಿಗ್ರಿ ತಾಳುತ್ತದೆ ಎಂದು ನೋಡಿ ಕೊಳ್ಳಿ; 600 ಡಿಗ್ರಿಯದು ಸೈಲೆನ್ಸರ್‌ಗೆ ಧಾರಾಳವಾಯಿತು.

ಕೆಲಸದ ಮುಕ್ಕಾಲು ಪಾಲು ಬಣ್ಣ ಹೊಡೆಯುವುದಕ್ಕೆ ಮುಂಚಿನದು. ಮೊದಲು ಸಿಹಿನೀರಿನಿಂದ ಉಪ್ಪು, ಕೆಸರು ತೊಳೆದು ಒಣಗಿಸಬೇಕು. ತಂತಿ ಬ್ರಷ್, ಎಮರಿ ಪೇಪರ್‌ನಿಂದ ತುಕ್ಕು ತೆಗೆದು, ಥಿನ್ನರ್ ಬಟ್ಟೆಯಿಂದ ಜಿಡ್ಡು ಒರೆಸಬೇಕು. ಮುಂಬೈ ತೇವದಲ್ಲಿ ಉಜ್ಜಿದ ಕಬ್ಬಿಣ ಬೇಗ ಮತ್ತೆ ಕೆಂಪಗಾಗುತ್ತದೆ. ಹಾಗಾಗಿ ಅಂದೇ ಬಣ್ಣ ಬೀಳಬೇಕು, ಅದೂ ತೆಳುವಾಗಿ ಎರಡು ಸಲ. ದಪ್ಪಗೆ ಬಳಿದರೆ ಗುಳ್ಳೆ ಏಳುತ್ತದೆ. ಸೈಲೆನ್ಸರ್‌ನ ಅಡಿಯಲ್ಲಿ ನೀರು ಇಳಿಯಲು ಚಿಕ್ಕ ತೂತಿದ್ದರೆ ಅದು ಮುಚ್ಚಬಾರದು. ಆಕ್ಸಿಜನ್ ಸೆನ್ಸರ್, ರಬ್ಬರ್ ಕೊಂಡಿಗಳ ಮೇಲೆ ಬಣ್ಣ ಬೀಳಬಾರದು. ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಂತೂ ಸ್ಪ್ರೇ ಮಾಡಲೇಬೇಡಿ. ಅದರ ಆವಿ ಬೇಗ ಬೆಂಕಿ ಹಿಡಿಯುವಂಥದ್ದು.

ಈ ಬಣ್ಣ ಗಾಳಿಗೆ ಒಣಗಿದರೆ ಸಾಲದು, ಬೇಯಬೇಕು. ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸಿನ ಶಾಖ ಸಿಕ್ಕಮೇಲೆಯೇ ಅದು ಗಟ್ಟಿಯಾಗುವುದು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, ಬಯಲಿನಲ್ಲಿ ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಿ, ಮತ್ತೆ ಹೆಚ್ಚು ಹೊತ್ತು ಓಡಿಸಿ. ಮೊದಮೊದಲು ಕೊಂಚ ಹೊಗೆ, ವಾಸನೆ ಸಹಜ.

ಇಷ್ಟೆಲ್ಲ ಏಕೆಂದರೆ, ತೂತಾದ ಸೈಲೆನ್ಸರ್ ಬರೀ ಸದ್ದಿನ ವಿಷಯವಲ್ಲ. ಅದರಿಂದ ಸೋರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಯಲ್ಲಿ ಗಾಜು ಏರಿಸಿ, ಎಸಿ ಹಾಕಿ, ಎಂಜಿನ್ ಓಡಿಸುತ್ತಲೇ ಟ್ರಾಫಿಕ್‌ನಲ್ಲಿ ನಿಂತಾಗ ಅದು ಒಳಗೆ ನುಸುಳಬಹುದು. ತಲೆನೋವು, ಮಂಪರು ಬಂದರೆ ದಣಿವೆಂದು ಸುಮ್ಮನಾಗದೆ ಗಾಜು ಇಳಿಸಿ, ಹೊರಗೆ ಬನ್ನಿ. ತೂತಿನ ಮೇಲೆ ಬಳಿದ ಬೆಳ್ಳಿ ಬಣ್ಣ ಈ ಅಪಾಯವನ್ನು ಕಣ್ಣಿಗೆ ಮರೆಮಾಡುತ್ತದೆ, ಅಷ್ಟೇ. ಹಳೆಯ ಕಾರು ಕೊಳ್ಳುವವರು ಸೈಲೆನ್ಸರ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅದನ್ನೂ ಒಮ್ಮೆ ತಟ್ಟಿ ನೋಡಲಿ.

ಬಣ್ಣ ಹೊಡೆಸುವುದಿದ್ದರೆ ಮಳೆಗೆ ಮುಂಚೆ, ಊರಿಗೆ ಹೊರಡುವ ಕೆಲವು ದಿನ ಮೊದಲು ಹೊಡೆಸಿ. ಹುಬ್ಬಳ್ಳಿಯೋ ಉಡುಪಿಯೋ, ಹೆದ್ದಾರಿಯ ಆ ದೀರ್ಘ ಓಟದಲ್ಲಿ ಹೊರಗಿನ ಬಣ್ಣವೂ ಬೇಯುತ್ತದೆ, ಒಳಗೆ ನಿಂತ ನೀರೂ ಆರುತ್ತದೆ.