ಬಣ್ಣದ ಹೊತ್ತು, ಆಟದ ಹೊತ್ತು

ಬೆರಳಿಗಿಂತ ಚಿಕ್ಕದಾದ ಬೊಂಬೆ ಸಿಪಾಯಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಳತೆಗೋಲು ಮತ್ತು ದಾಳಗಳ ನೆರವಿನಿಂದ ಯುದ್ಧವಾಡುವ ವಿನೋದವೊಂದುಂಟು. ಪ್ರಷ್ಯದ ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆಂದು 1824ರಲ್ಲಿ ಬಳಕೆಗೆ ಬಂದ ರೈಸ್‌ವಿಟ್ಸನ ಯುದ್ಧದಾಟವು ಇದರ ಹಿರಿಯ ಬಂಧು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಬರೆದು ಇಂತಹ ಆಟವನ್ನು ಮನೆಯೊಳಕ್ಕೆ ತಂದರು. ಆನೆ, ಕುದುರೆ, ರಥ, ಕಾಲಾಳುಗಳ ಚದುರಂಗವನ್ನು ಬಲ್ಲ ನಮಗೆ ಈ ಕಲ್ಪನೆ ಹೊಸದೇನಲ್ಲ.

ಆದರೆ ಇಲ್ಲಿ ಚದುರಂಗದಲ್ಲಿಲ್ಲದ ತೊಡಕೊಂದಿದೆ. ಆಟಗಾರನು ತನ್ನ ಸೈನ್ಯಕ್ಕೆ ಸಾಮಾನ್ಯವಾಗಿ ತಾನೇ ಬಣ್ಣ ಹಚ್ಚಬೇಕು. ಭದ್ರಾವತಿಯ ಕಾಗದನಗರದಲ್ಲಿರುವ ವಿದ್ಯಾರ್ಥಿಯೊಬ್ಬನು ನೂರು ಸಿಪಾಯಿಗಳ ದಳವನ್ನು ಕಟ್ಟಲು ಹೊರಟನೆಂದು ಭಾವಿಸೋಣ. ಒಂದೊಂದಕ್ಕೆ 2 ಗಂಟೆಯಂತೆ 200 ಗಂಟೆಗಳ ಕೆಲಸ. ವಾರಕ್ಕೆ 5 ಗಂಟೆ ಬಿಡುವು ಸಿಕ್ಕರೆ 40 ವಾರ! ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ, ಉತ್ಸಾಹ ಇಳಿದಿರುತ್ತದೆ, ಅರೆಬಣ್ಣದ ಸಿಪಾಯಿಗಳು ಪೆಟ್ಟಿಗೆ ಸೇರಿರುತ್ತಾರೆ. ಒಂದು ಯುದ್ಧವೂ ನಡೆದಿರುವುದಿಲ್ಲ. ಹಾಗೆಂದು ಬಣ್ಣವನ್ನು ಹೇಗೋ ಬಳಿದು ಮುಗಿಸಿದರೆ ಕಣ್ಣಿಗೆ ತೃಪ್ತಿಯಿಲ್ಲ. ಇವೆರಡರ ನಡುವಣ ಹದವನ್ನು ಕಂಡುಕೊಳ್ಳುವುದು ಹೇಗೆ?

ಮೊದಲು ನಮ್ಮ ಕಣ್ಣನ್ನೇ ವಿಚಾರಿಸೋಣ. ಸಾಮಾನ್ಯ ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು ಕೋನವನ್ನು ಮಾತ್ರ ಬಿಡಿಸಿ ನೋಡಬಲ್ಲುದು. ಒಂದು ಮೀಟರ್ ದೂರದಲ್ಲಿ ಇದು ಸುಮಾರು 0.29 ಮಿಲಿಮೀಟರ್, 30 ಸೆಂಟಿಮೀಟರ್ ದೂರದಲ್ಲಿ ಸುಮಾರು 0.09 ಮಿಲಿಮೀಟರ್. ಇದಕ್ಕಿಂತ ಹತ್ತಿರವಿರುವ ಎರಡು ಗೆರೆಗಳು ಕಣ್ಣಿಗೆ ಬೆರೆತು ಒಂದಾಗಿಬಿಡುತ್ತವೆ.

ಇನ್ನು 28 ಮಿಲಿಮೀಟರ್ ಎತ್ತರದ ಸಿಪಾಯಿಯನ್ನು ತೆಗೆದುಕೊಳ್ಳಿ. ಅವನು ನಿಜವಾದ ಮನುಷ್ಯನ 60ರಲ್ಲಿ ಒಂದು ಪಾಲು. ನಮ್ಮ ಕಣ್ಣಿನ ತೆರಪು ಸುಮಾರು 30 ಮಿಲಿಮೀಟರ್ ಅಗಲವಾದುದರಿಂದ ಅವನ ಕಣ್ಣು ಅರ್ಧ ಮಿಲಿಮೀಟರ್. ಅದರೊಳಗಿನ ಬಣ್ಣದ ವೃತ್ತ 0.2 ಮಿಲಿಮೀಟರ್. ಕೈಯಲ್ಲಿ ಹಿಡಿದು ನೋಡಿದಾಗ ಈ ವೃತ್ತವು ತೋರುತ್ತದೆ. ಮೇಜಿನಾಚೆ ಒಂದು ಮೀಟರ್ ದೂರದಲ್ಲಿ ಕುಳಿತ ಎದುರಾಳಿಗೆ ಅದು ಬೇರೆಯಾಗಿ ಕಾಣುವಂತೆಯೇ ಇಲ್ಲ. ಅದಕ್ಕಾಗಿ ಉಸಿರು ಬಿಗಿಹಿಡಿದು ವ್ಯಯಿಸಿದ ಹೊತ್ತು ಆಟದ ಮಟ್ಟಿಗೆ ನಿಷ್ಫಲವೆಂದೇ ಹೇಳಬೇಕು.

ಇದೇ ಲೆಕ್ಕವು ಮತ್ತೊಂದು ಗುಟ್ಟನ್ನೂ ತಿಳಿಸುತ್ತದೆ. ಅಂಗಿಯ ಒಂದು ಸೆಂಟಿಮೀಟರ್ ಅಗಲದ ಮಡಿಕೆ ಬೊಂಬೆಯಲ್ಲಿ 0.17 ಮಿಲಿಮೀಟರ್ ಆಗುತ್ತದೆ. ಅದರ ಸಹಜವಾದ ನೆರಳು ದೂರದ ಕಣ್ಣಿಗೆ ಸಿಗುವುದಿಲ್ಲ. ಆದುದರಿಂದಲೇ ಬಣ್ಣಗಾರರು ತಗ್ಗುಗಳನ್ನು ಹೆಚ್ಚು ಕಪ್ಪಾಗಿಯೂ ಉಬ್ಬುಗಳನ್ನು ಹೆಚ್ಚು ಬೆಳ್ಳಗಾಗಿಯೂ, ನಿಜಕ್ಕಿಂತ ಅಗಲವಾಗಿ, ತಿದ್ದುತ್ತಾರೆ. ನವುರಾದ ಗೆರೆಗಿಂತ ಬೆಳಕು-ಕತ್ತಲೆಗಳ ಅಂತರವು ದೂರಕ್ಕೆ ಎದ್ದು ತೋರುತ್ತದೆ. ಹೊತ್ತು ಕಡಮೆಯಿರುವವನು ಅದನ್ನು ಇಲ್ಲಿಯೇ ವ್ಯಯಿಸುವುದು ಜಾಣತನ.

ಎರಡನೆಯ ಉಪಾಯವು ಕೆಲಸದ ಕ್ರಮಕ್ಕೆ ಸಂಬಂಧಿಸಿದುದು. ಒಬ್ಬ ಸಿಪಾಯಿಗೆ ಆರು ಬಣ್ಣಗಳು. ಪ್ರತಿ ಬಣ್ಣಕ್ಕೆ 5 ನಿಮಿಷ ಕುಂಚದ ಕೆಲಸ, 15 ನಿಮಿಷ ಒಣಗುವ ಕಾಲ ಎಂದಿಟ್ಟುಕೊಳ್ಳೋಣ. ಒಬ್ಬನನ್ನು ಮುಗಿಸಿ ಮತ್ತೊಬ್ಬನನ್ನು ಹಿಡಿದರೆ ಹತ್ತು ಮಂದಿಗೆ 20 ಗಂಟೆ ಬೇಕು. ಹತ್ತು ಮಂದಿಗೂ ಮೊದಲು ಒಂದೇ ಬಣ್ಣ, ಆಮೇಲೆ ಎರಡನೆಯದು, ಹೀಗೆ ಸಾಗಿದರೆ ಹತ್ತನೆಯವನಿಗೆ ಬಣ್ಣವಿಡುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ. ಕಾಯುವ ಕಾಲವೇ ಇಲ್ಲವಾಗಿ 5 ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಗುಣಕ್ಕೆ ಎಳ್ಳಷ್ಟೂ ಕುಂದಿಲ್ಲ! ನೀರಿನಲ್ಲಿ ಕಲಸಿದ ಬಣ್ಣವು ಒಣಗುವುದೆಂದರೆ ಅದರ ನೀರು ಆವಿಯಾಗುವುದು. ಮಲೆನಾಡಿನ ಮಳೆಗಾಲದ ತೇವದ ಗಾಳಿಯಲ್ಲಿ ಅದು ನಿಧಾನ. ಆಗ ಈ ಕ್ರಮದ ಬೆಲೆ ಇನ್ನೂ ಹೆಚ್ಚು.

ಈ ಹದವನ್ನು ನಮ್ಮ ನಾಡಿನ ಕುಶಲಕರ್ಮಿಗಳು ಹಿಂದೆಯೇ ಬಲ್ಲವರಾಗಿದ್ದರು. ಕೈಯಿಂದ ಚಿತ್ರಿಸಿದ ದುಂಡನೆಯ ಎಲೆಗಳ ಗಂಜೀಫ ಆಟವನ್ನು ನೋಡಿ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದಕ್ಕೆ ವಿಶೇಷ ಪೋಷಣೆಯಿತ್ತರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಛದವೆಂಬ ಹೆಸರಿನ ಆಟಗಳ ವರ್ಣನೆಯಿದೆ. ಅವುಗಳಲ್ಲಿ ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360 ಎಲೆ! ಗಂಜೀಫದಲ್ಲಿ ಎರಡು ತರಗತಿಗಳಿದ್ದವು. ದಂತ, ಆಮೆಚಿಪ್ಪುಗಳ ಮೇಲೆ ಸೂಕ್ಷ್ಮವಾಗಿ ಬರೆದ 'ದರ್ಬಾರ್ ಕಲಂ' ಅರಮನೆಗೆ. ಬಟ್ಟೆ ಅಥವಾ ರಟ್ಟಿನ ಮೇಲೆ ಬೇಗಬೇಗನೆ ಬರೆದ 'ಬಜಾರ್ ಕಲಂ' ಜನಸಾಮಾನ್ಯರಿಗೆ.

ಒಂದೇ ಕಟ್ಟಿನೊಳಗೂ ಈ ವಿವೇಕವಿತ್ತು. ದಶಾವತಾರ ಗಂಜೀಫದಲ್ಲಿ ಹತ್ತು ಪಂಗಡಗಳಿಂದ 120 ಎಲೆಗಳು. ಪಂಗಡಕ್ಕೆ ರಾಜ, ಮಂತ್ರಿ ಎಂಬ ಎರಡು ಚಿತ್ರದೆಲೆಗಳು. ಉಳಿದ ಹತ್ತು ಎಣಿಕೆಯ ಎಲೆಗಳು. ಚಿತ್ರದೆಲೆಗೆ 2 ಗಂಟೆ, ಎಣಿಕೆಯ ಎಲೆಗೆ ಕಾಲು ಗಂಟೆ ಎಂದು ಊಹಿಸಿದರೆ ಒಟ್ಟು 65 ಗಂಟೆಗಳು. ಎಲ್ಲಕ್ಕೂ ಸಮನಾದ ಶ್ರಮವಿಟ್ಟರೆ 240 ಗಂಟೆಗಳು. ಕಾಲಾಳುಗಳಿಗೆ ಸರಳವಾದ ಬಣ್ಣ, ದಳಪತಿಗೂ ಬಾವುಟಕ್ಕೂ ಹೆಚ್ಚಿನ ಶ್ರಮ ಎಂಬ ನೀತಿಯೇ ಇದು.

ಅಗ್ಗವಾದ ಅಚ್ಚಿನ ಇಸ್ಪೀಟು ಬಂದ ಮೇಲೆ ಗಂಜೀಫದ ಗತಿ ಏನಾಯಿತು? ಚಿತ್ರಗಾರಿಕೆ ಮೈಸೂರಿನಲ್ಲಿ ಇಂದಿಗೂ ಉಳಿದಿದೆ. ಆಡುವವರು ಮಾತ್ರ ಬಹು ವಿರಳ. ಕೈಯಿಂದ ಕೈಗೆ ಓಡಾಡುತ್ತಿದ್ದ ಎಲೆಯು ಗಾಜಿನ ಚೌಕಟ್ಟಿನೊಳಗೆ ಕುಳಿತಿದೆ. ಅದರ ಅಂದಕ್ಕೆ ನಾವು ತಲೆದೂಗುತ್ತೇವೆ. ನಿಯಮಗಳನ್ನು ಕೇಳಿದರೆ ಉತ್ತರಿಸಬಲ್ಲವರು ಕಡಮೆ. ಆಟದ ಸಾಮಗ್ರಿ ಉಳಿದು ಆಟವು ಮರೆಯಾಗುವುದೆಂದರೆ ಇದೇ. ನಮ್ಮ ವಿದ್ಯಾರ್ಥಿಯ ಪೆಟ್ಟಿಗೆಗೂ ಇದೇ ಗತಿ ಬರಬಾರದು.

ಕಾಗದನಗರಕ್ಕೆ ಆ ಹೆಸರು ಬಂದುದು 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯಿಂದ. ಅಲ್ಲಿನ ವಿದ್ಯಾರ್ಥಿಯು ಸೀಸದ ಬೊಂಬೆಗಾಗಿ ಹಣ ತೆರಬೇಕಾಗಿಲ್ಲ. ಕಾಗದದಿಂದಲೇ ಸೈನ್ಯವನ್ನು ಕಟ್ಟಬಹುದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ತಗುಲಿದಾಗ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ರಟ್ಟು ಸುರುಳುವುದು ಇದರಿಂದಲೇ. ಮೂರು ಹಾಳೆಗಳನ್ನು ತೆಗೆದುಕೊಂಡು, ನಡುವಣದನ್ನು ಅಡ್ಡಲಾಗಿಟ್ಟು ಅಂಟಿಸಿ, ಭಾರದ ಕೆಳಗೆ ಒಣಗಿಸಿರಿ. ಹಿಗ್ಗುವಿಕೆಗಳು ಒಂದನ್ನೊಂದು ತಡೆದು ರಟ್ಟು ನೆಟ್ಟಗೆ ನಿಲ್ಲುತ್ತದೆ. ಬಣ್ಣವನ್ನು ಎರಡು ಮಗ್ಗುಲಿಗೂ ಹಚ್ಚುವುದು ಒಳಿತು.

ಮೊದಲು ಹತ್ತೇ ಸಿಪಾಯಿಗಳನ್ನು ಮುಗಿಸಿ, ಮೇಜಿನ ಮೇಲೆ ನಿಲ್ಲಿಸಿ, ಒಂದು ಮೀಟರ್ ಹಿಂದೆ ಸರಿದು ನೋಡಿರಿ. ಅಲ್ಲಿಂದ ಕಾಣುವ ಕೊರತೆಯನ್ನು ಮಾತ್ರ ತಿದ್ದಿರಿ. ಆಮೇಲೆ ಗೆಳೆಯನನ್ನು ಕರೆದು ಆಟವನ್ನು ಆರಂಭಿಸಿರಿ. ಉಳಿದ ತೊಂಬತ್ತು ಮಂದಿ ಎರಡು ಯುದ್ಧಗಳ ನಡುವಿನ ಬಿಡುವಿನಲ್ಲಿ ಒಬ್ಬೊಬ್ಬರಾಗಿ ಬಂದು ಸೇರಲಿ.