ತಾಮ್ರದ ಮದ್ದಿನ ಕುಪ್ಪಿ

ಕೋವಿಯ ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ಎರಡನ್ನೂ ತುಂಬುತ್ತಿದ್ದ ಕಾಲವೊಂದಿತ್ತು. ಮಲೆನಾಡಿನ ಹಿರಿಯರಿಗೆ ಪರಿಚಿತವಾದ ಕೇಪಿನ ಕೋವಿ ಇಂಥದ್ದೇ. ಮದ್ದನ್ನು ಒಯ್ಯಲು ಮೊದಲಿಗೆ ದನದ ಕೊಂಬು ಬಳಕೆಯಲ್ಲಿತ್ತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಲೋಹದ ಕುಪ್ಪಿಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾದವು. ಶೆಫೀಲ್ಡಿನ ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್ ಈ ಕೆಲಸಕ್ಕೆ ಹೆಸರಾಗಿತ್ತು.

ಲೋಹವೆಂದರೆ ಹೆಚ್ಚಾಗಿ ತಾಮ್ರ ಅಥವಾ ಹಿತ್ತಾಳೆ. ಏಕೆ? ಕರಿಮದ್ದಿನಲ್ಲಿ ಸುಮಾರು 75 ಭಾಗ ಪೊಟ್ಯಾಸಿಯಂ ನೈಟ್ರೇಟ್, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತವೆ. ಅದಕ್ಕೆ ಒಂದು ಕಿಡಿ ಸಾಕು. ಕಬ್ಬಿಣವನ್ನು ಗಟ್ಟಿ ಕಲ್ಲಿಗೆ ಉಜ್ಜಿದಾಗ ಕಳಚುವ ಬಿಸಿ ಕಣಗಳು ಗಾಳಿಯಲ್ಲಿ ಉರಿದು ಕಿಡಿಯಾಗುತ್ತವೆ. ಮೆದುವಾದ ತಾಮ್ರ ಹಾಗೆ ಕಿಡಿ ಕಾರುವುದಿಲ್ಲ. ಕಬ್ಬಿಣದಂತೆ ತುಕ್ಕೂ ಹಿಡಿಯುವುದಿಲ್ಲ.

ತೆಳು ತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು, ಮೇಲಚ್ಚನ್ನು ಎತ್ತರದಿಂದ ಬೀಳಿಸುತ್ತಿದ್ದರು. ಸೀಳಿದ ಪೇರುಹಣ್ಣಿನಂಥ ಅರ್ಧ ಕುಪ್ಪಿಯೂ ಅದರ ಮೇಲಿನ ನಾಯಿ, ಜಿಂಕೆ, ಎಲೆಗಳ ಉಬ್ಬು ಚಿತ್ರವೂ ಅಚ್ಚಿನಲ್ಲೇ ಮೂಡುತ್ತಿದ್ದವು. ಚಿತ್ರ ಬರಿಯ ಅಲಂಕಾರವಲ್ಲ. ಚಾವಣಿಯ ತಗಡಿಗೆ ಅದರ ಅಲೆಗಳು ಬಿಗಿ ಕೊಡುವಂತೆ ಉಬ್ಬುಗಳೂ ತೆಳು ಗೋಡೆಗೆ ಬಿಗಿ ಕೊಡುತ್ತವೆ. ಬಡಿತಕ್ಕೆ ತಾಮ್ರ ಪೆಡಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಎರಡು ಅರ್ಧಗಳ ಅಂಚನ್ನು ತವರ-ಸೀಸದ ಬೆಸುಗೆಯಿಂದ ಕೂಡಿಸುತ್ತಿದ್ದರು. ಹಳೆಯ ಕುಪ್ಪಿಯ ಪಕ್ಕದಲ್ಲಿ ಈ ಗೆರೆಯನ್ನು ಹುಡುಕಿದರೆ ಕಾಣುತ್ತದೆ.

ನಿಜವಾದ ಜಾಣ್ಮೆ ಇರುವುದು ತಲೆಯ ಭಾಗದಲ್ಲಿ. ಕುತ್ತಿಗೆಗೆ ಕೂಡಿಸಿದ ಹಿತ್ತಾಳೆಯ ಮುಚ್ಚಳದಲ್ಲಿ ಒಂದು ರಂಧ್ರ. ಅದನ್ನು ಸ್ಪ್ರಿಂಗ್ ಇರುವ ಸಣ್ಣ ಫಲಕ ಮುಚ್ಚಿರುತ್ತದೆ. ಅದರ ಮೇಲೆ ಅಳತೆಯ ಕೊಳವೆ. ಕೊಳವೆಯ ಬಾಯಿಗೆ ಬೆರಳು ಒತ್ತಿ, ಕುಪ್ಪಿಯನ್ನು ತಲೆಕೆಳಗು ಮಾಡಿ, ಸನ್ನೆಯನ್ನು ಅದುಮಿದರೆ ಕೊಳವೆ ತುಂಬುತ್ತದೆ. ಸನ್ನೆ ಬಿಟ್ಟಾಗ ಫಲಕ ಮದ್ದನ್ನು ಕತ್ತರಿಸಿ ನಿಲ್ಲಿಸುತ್ತದೆ. ಹಲವು ಕುಪ್ಪಿಗಳಲ್ಲಿ ಕೊಳವೆಯನ್ನು ಉದ್ದ-ಗಿಡ್ಡ ಮಾಡಿ 2¼, 2½, 2¾, 3 ಡ್ರಾಮ್ ಅಳೆಯಬಹುದಿತ್ತು. ಒಂದು ಡ್ರಾಮ್ ಸುಮಾರು 1.77 ಗ್ರಾಂ.

ಇಲ್ಲಿ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ತರಗತಿಯಲ್ಲಿ ರಾಗಿಯಿಂದ ಇದನ್ನು ಪರೀಕ್ಷಿಸಬಹುದು: ಸಣ್ಣ ಲೋಟವನ್ನು ಸುಮ್ಮನೆ ತುಂಬಿ ತೂಗಿ, ಬಳಿಕ ಕುಟ್ಟಿ ಕುಟ್ಟಿ ತುಂಬಿ ತೂಗಿ. ವ್ಯತ್ಯಾಸ ಕಾಣುತ್ತದೆ.

ಅಪಾಯವೂ ಈ ತಲೆಯಲ್ಲೇ ಇತ್ತು. ಹಿಂದಿನ ಹೊಡೆತದ ಕೆಂಡದ ಚೂರು ನಳಿಗೆಯಲ್ಲಿ ಉಳಿದಿದ್ದರೆ ಸುರಿಯುತ್ತಿದ್ದ ಮದ್ದು ಹೊತ್ತಿಕೊಳ್ಳುತ್ತಿತ್ತು. ಆಗ ಕೈಯಲ್ಲಿನ ತುಂಬಿದ ಕುಪ್ಪಿಗೂ ಬೆಂಕಿಗೂ ನಡುವೆ ಆ ಪುಟ್ಟ ಫಲಕವೊಂದೇ ತಡೆ. ಬೇರೆ ಅಳತೆಯ ಬಟ್ಟಲಿಗೆ ಸುರಿದು, ಅದರಿಂದ ನಳಿಗೆಗೆ ಹಾಕುವುದು ಕ್ಷೇಮ.

ತೋಟಾ ಬಂದ ಮೇಲೆ ಕುಪ್ಪಿಯ ಬಳಕೆ ಇಳಿಯಿತು. ಹಳೆಯ ಮನೆಯ ಅಟ್ಟದಲ್ಲಿ ಇಂಥದೊಂದು ಸಿಕ್ಕರೆ ಬಿಟ್ಟ ಬೆಸುಗೆಯನ್ನು ಹಚ್ಚಲು ಕಾಯಿಸಬೇಡಿ. ಒಣಗಿದ ಜಾಗದಲ್ಲಿದ್ದ ಕರಿಮದ್ದು ನೂರು ವರ್ಷ ಕಳೆದರೂ ಉರಿಯಬಲ್ಲದು.